ಜೊತೆಗೆ ಅತ್ತ ಎಮ್ಮೆ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಅದು ತಪ್ಪಲ್ಲ; ಒಲೆ ಉರಿಯಬೇಕು, ಹೊಟ್ಟೆ ತುಂಬಬೇಕು. ಆದರೆ ನನ್ನೊಡನೆ ಅಳುವವರು ಯಾರೂ ಉಳಿಯಲಿಲ್ಲವೆಂದು ದೇವರ ಮುಂದೆ ಕುಳಿತು ಹೇಳಿಕೊಂಡೆ. ಕೆಲವು ದಿನಗಳಲ್ಲಿ ಉತ್ತರ ಬಂತೆಂದು ತಿಳಿದೆ. ಅದು ಬಂದದ್ದು ಕೊಟ್ಟಿಗೆಯಿಂದ.

ನಮ್ಮ ಎಮ್ಮೆಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವಳು. ಹಾಲು ಕರೆಯುತ್ತಿದ್ದವಳೂ ಅವಳೇ. ಈಗ ಸೊಸೆ ಕೆಚ್ಚಲಿಗೆ ಕೈ ಹಾಕಿದರೆ ಒಂದೊಂದು ದಿನ ಅದು ಹಾಲು ಇಳಿಸದೆ ಬಿಗಿಹಿಡಿಯುತ್ತಿತ್ತು. ಹಿಂಡಿಗೆ ಬಾಯಿ ಹಾಕುತ್ತಿರಲಿಲ್ಲ. ಬೆಳಗಿನ ಜಾವ ಬಾಗಿಲ ಕಡೆ ಮುಖ ಮಾಡಿ ಸಣ್ಣ ದನಿಯಲ್ಲಿ ಕೂಗುತ್ತಿತ್ತು. ನಾನು ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಮಾರನೆಯ ದಿನ ಸುಮ್ಮನಾಗುತ್ತಿತ್ತು. ಕೆಲವು ವಾರ ಕಳೆದರೆ ಮತ್ತೆ ಹಾಗೆಯೇ. ದುಃಖವೂ ಹಾಗೆಯೇ ಅಲ್ಲವೇ, ಹೋಯಿತು ಎನ್ನುವಾಗ ಬರುತ್ತದೆ.

ಸೊಸೆ ಒಳ್ಳೆಯವಳು, ನಾಲಿಗೆ ಮಾತ್ರ ಹರಿತ. "ಎಮ್ಮೆ ಮೇಲೆ ಮಳೆ ಹುಯ್ದ ಹಾಗೆ ಅಂತ ಗಾದೆ ಮಾಡಿದೋರು ನಮ್ಮನೆ ಎಮ್ಮೆ ನೋಡಿರಲಿಲ್ಲ ಮಾವ," ಎಂದು ನಕ್ಕಳು.

ಆದರೆ ಹಾಲು ಕಡಿಮೆಯಾಗುತ್ತ ಬಂತು. ಕರು ಹಾಕಿ ವರ್ಷ ದಾಟಿದ್ದರೂ ಅದು ಮತ್ತೆ ಗಬ್ಬವಾಗಿರಲಿಲ್ಲ. ಗೊಡ್ಡು ಬಿದ್ದದ್ದನ್ನು ಎಷ್ಟು ದಿನ ಕಟ್ಟಿ ಸಾಕುವುದೆಂದು ಮಗ ಕೇಳಿದ. ದಲ್ಲಾಳಿಗೆ ಹೇಳಿಯೂ ಕಳುಹಿಸಿದ್ದ. ಗೊಡ್ಡೆಮ್ಮೆ ದಲ್ಲಾಳಿಯ ಹಿಂದೆ ಹೋದರೆ ಎಲ್ಲಿಗೆ ಸೇರುತ್ತದೆಂದು ನನಗೆ ಗೊತ್ತು. ಅವಳ ಎಮ್ಮೆಯನ್ನು ಕಸಾಯಿಯವನ ಕೈಗೆ ಕೊಟ್ಟು ನಾನು ಯಾವ ಮುಖ ಹೊತ್ತು ಪ್ರಾರ್ಥನೆಗೆ ಕೂರಲಿ? ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಏನಾದರೂ ಮಾಡಿರೆಂದು ಬೇಡಿಕೊಂಡೆ.

ಪಶು ಆಸ್ಪತ್ರೆಯ ಕಾಂಪೌಂಡರ್ ಬಂದ. ಸುತ್ತಲಿನ ಎಮ್ಮೆ ದನಗಳಿಗೆಲ್ಲ ಗಬ್ಬದ ಇಂಜೆಕ್ಷನ್ ಕೊಡುವವನು ಅವನೇ. ಭುಜದವರೆಗಿನ ಪ್ಲಾಸ್ಟಿಕ್ ಗ್ಲೌಸ್ ತೊಟ್ಟು ಒಳಗೆ ಕೈಯಾಡಿಸಿ, ಗರ್ಭಕೋಶದಲ್ಲಿ ದೋಷವೇನೂ ಇಲ್ಲವೆಂದ. ಬೆದೆಗೆ ಬಂದದ್ದನ್ನು ಯಾರೂ ನೋಡಲಿಲ್ಲವೇ ಎಂದು ವಿಚಾರಿಸಿದ. ಇಲ್ಲವೆಂದಳು ಸೊಸೆ. ಅದಕ್ಕೆ ಯಜಮಾನಿಯ ಕೊರಗು ಹಿಡಿದಿದೆ ಎಂದು ನಾನು ಹೇಳಿದೆ. ಹಾಲು ಬಿಗಿಹಿಡಿಯುವುದು, ಮೇವು ಬಿಡುವುದು, ಜಾವದ ಅಳು, ಎಲ್ಲವನ್ನೂ ವಿವರಿಸಿದೆ.

ಅವನು ಗ್ಲೌಸ್ ಕಳಚಿದ.

"ಅಜ್ಜಾ, ಹಸು ಬೆದೆಗೆ ಬಂದ್ರೆ ಊರಿಗೆಲ್ಲ ಡಂಗುರ ಹೊಡೆಯುತ್ತೆ. ಎಮ್ಮೆ ಗುಟ್ಟಿನ ಪ್ರಾಣಿ. ನೀವು ಹೇಳಿದ್ರಲ್ಲ, ಅದೇ ಅದರ ಬೆದೆ. ಅಜ್ಜಿಗೆ ಗೊತ್ತಾಗ್ತಿತ್ತು, ನಂಗೆ ಹೇಳಿ ಕಳಿಸ್ತಿದ್ರು."

ಸೊಸೆ ನಗಲಿಲ್ಲ. ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಹುಯ್ದಳು.

ಇನ್ನೊಮ್ಮೆ ಕೂಗಿದ ದಿನವೇ ಫೋನ್ ಮಾಡಬೇಕು, ಮರುದಿನಕ್ಕೆ ಬಿಟ್ಟರೆ ಇಂಜೆಕ್ಷನ್ ಕೊಟ್ಟೂ ಪ್ರಯೋಜನವಿಲ್ಲ ಎಂದು ಹೇಳಿ ಅವನು ಹೊರಟ. ಅಲ್ಲಿಯವರೆಗೆ ಕಾಯಲು ಮಗ ಒಪ್ಪಿದ, ಅದಕ್ಕಿಂತ ಹೆಚ್ಚಿಗೆ ಇಲ್ಲ.

ಒಂದು ಜಾವ ಅದು ಕೂಗಿತು. ಹೋಗಿ ಕುತ್ತಿಗೆಯ ಮೇಲೆ ಕೈಯಿಟ್ಟೆ. ಮನೆಯವರು ಇನ್ನೂ ಎದ್ದಿರಲಿಲ್ಲ, ಕೇಳಿದವನು ನಾನೊಬ್ಬನೇ. ಫೋನ್ ಮಾಡಿಸಿದರೆ, ಅದು ಅವಳಿಗಾಗಿ ಅಳುತ್ತಿಲ್ಲವೆಂದು ನನ್ನ ಬಾಯಿಂದಲೇ ಹೇಳಿದಂತೆ. ಮಾಡಿಸದಿದ್ದರೆ ಎಮ್ಮೆ ಉಳಿಯುವುದಿಲ್ಲ. ಅದರ ಕಣ್ಣನ್ನು ಬಹಳ ಹೊತ್ತು ನೋಡಿದೆ. ಅಲ್ಲಿ ನನ್ನ ಹೆಂಡತಿ ಇರಲಿಲ್ಲ. ಒಳಗೆ ಹೋಗಿ ಸೊಸೆಯನ್ನು ಎಬ್ಬಿಸಿದೆ.

"ಬೆದೆಗೆ ಬಂದಿದೆಯಮ್ಮಾ. ಅವನಿಗೆ ಹೇಳು."

ಕಾಂಪೌಂಡರ್ ಬಂದು ಕೆಲಸ ಮುಗಿಸುವವರೆಗೆ ನಾನೇ ಹಗ್ಗ ಹಿಡಿದು ನಿಂತಿದ್ದೆ.

ಆಮೇಲೆ ಅದು ಕೂಗಲಿಲ್ಲ. ಹಿಂಡಿ ತಿಂದಿತು, ಸೊಸೆಯ ಕೈಗೆ ಹಾಲು ಇಳಿಸಿತು. ಕೆಲವು ವಾರಗಳ ಮೇಲೆ ಕಾಂಪೌಂಡರ್ ಮತ್ತೆ ಪರೀಕ್ಷಿಸಿ, ಗಬ್ಬ ನಿಂತಿದೆ ಎಂದ. ಮಗ ದಲ್ಲಾಳಿಗೆ ಬರಬೇಡವೆಂದು ತಿಳಿಸಿದ. ಜೀವ ಉಳಿಸಿದ್ದಕ್ಕೆ ದೇವರಿಗೆ ಕೈಮುಗಿದೆ; ಮನಸ್ಸಿನಿಂದಲೇ ಮುಗಿದೆ.

ಮಾರನೆಯ ಜಾವ ಎಚ್ಚರವಾಯಿತು. ಕಿವಿಗೊಟ್ಟು ಕೇಳಿದೆ. ಎಮ್ಮೆ ಮೆಲುಕು ಹಾಕುತ್ತಿತ್ತು. ಎದ್ದು ಹೋಗಲು ಕಾರಣವಿರಲಿಲ್ಲ. ಮನೆಯವರಿಗೆ ಕೇಳಬಾರದೆಂದು ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡೆ.