ಚಂದ್ರಿಕೆ ಹತ್ತದ ಹುಳ

ಹುಳುಮನೆಯ ಬಾಗಿಲು ತೆಗೆದ ಸರಸಮ್ಮ ಹೊಸಿಲಲ್ಲೇ ನಿಂತಳು. ತಟ್ಟೆಗಳಲ್ಲಿ ರೇಷ್ಮೆಹುಳುಗಳು ಹಣ್ಣಾಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ನೆಲಕ್ಕೆ ಬಿದ್ದಿದ್ದವು. ಎಷ್ಟೋ ಹುಳು ಕಸದಲ್ಲೇ ನೂಲು ಬಿಡತೊಡಗಿದ್ದವು. ಗೂಡು ಕಟ್ಟಲು ಅವನ್ನು ಎತ್ತಿ ಬಿಡಬೇಕಾದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿದಂತೆಯೇ ಇದ್ದವು. ಪಕ್ಕದಲ್ಲಿ ಅವಳ ಗಂಡ ಬೈರಪ್ಪ ಕುಕ್ಕರುಗಾಲಲ್ಲಿ ಕೂತಿದ್ದ.

"ಹಣ್ಣಾಗವೆ ಕಣೆ," ಅಂದ.

"ಯಾವಾಗ್ಲಿಂದ?"

"ನೀನು ಬಸ್ ಹತ್ತಕ್ಕೆ ಹೋದ್ಯಲ್ಲ, ಆಗ್ಲೇ."

"ಅಲ್ಲ ಕಣಯ್ಯ, ಕಂಡ್ಮೇಲೆ ಎತ್ತಿ ಬುಡಬಾರ್ದಾ?"

"ಬುಡ್ಬೇಕು," ಎಂದ. ಏಳಲಿಲ್ಲ.

ಅವಳು ಮಾಗಡಿಗೆ ಹೋಗಿದ್ದೇ ಅವನ ಬಿಪಿ ಮಾತ್ರೆ ತರಲು. ಅಲ್ಲಿನ ಡಾಕ್ಟರು ಹಿಂದೊಮ್ಮೆ ತಲೆಯ ಸ್ಕ್ಯಾನಿಂಗ್ ಪಟವನ್ನು ಬೆಳಕಿಗೆ ಹಿಡಿದು ಬಿಳಿ ಮಚ್ಚೆಗಳನ್ನು ತೋರಿಸಿದ್ದರು. ಕೂದಲೆಳೆಯಂಥ ರಕ್ತನಾಳಗಳು ಅಲ್ಲಲ್ಲಿ ಕಟ್ಟಿಕೊಂಡಿವೆ, ಯಜಮಾನರಿಗೆ ಮರೆವು ಅಷ್ಟಿಲ್ಲ, ಗೊತ್ತಿರುವ ಕೆಲಸಕ್ಕೆ ಕೈಹಾಕುವುದೇ ಕಷ್ಟ, ಒಂದಾದ ಮೇಲೆ ಒಂದು ಮಾಡುವುದು ಇನ್ನೂ ಕಷ್ಟ ಎಂದಿದ್ದರು. ಊರು ಮೈಗಳ್ಳ ಅಂದಿತು. ಬಿಡದಿ ಕಾರ್ಖಾನೆಗೆ ಹೋಗುವ ಮಗ ಜಯಕುಮಾರ್, "ಅಪ್ಪನ್ನ ನಂಬ್ಕೊಂಡು ಹುಳ ಸಾಕಕ್ಕಾಯ್ತದಾ? ಈ ಬೆಳೆ ಕೆಟ್ರೆ ಹಿಪ್ನೇರ್ಳೆ ಕೀಳ್ಸಿ ಜಾಗನ ಗೋಡೌನ್‌ನವ್ರಿಗೆ ಕೊಟ್ಬುಡ್ತೀನಿ ಕಣವ್ವ" ಅಂದಿದ್ದ.

ಸರಸಮ್ಮನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಳು."

ಎದ್ದ.

"ಚಂದ್ರಿಕೆ ಹಾಸು."

ಹಾಸಿದ.

"ಹುಳ ಎತ್ಕೊ."

ನಲುಗದಂತೆ ಎರಡೇ ಬೆರಳಲ್ಲಿ ಎತ್ತಿಕೊಂಡ. ಕೈ ಹಳೆಯ ಕೈಯೇ.

"ಬುಡು."

ಬಿಟ್ಟ. ಮುಂದಿನ ಹುಳಕ್ಕೂ ಹೇಳಬೇಕಾಯಿತು, ಅದರ ಮುಂದಿನದಕ್ಕೂ.

ಪಕ್ಕದ ಮನೆಯ ಅಂಕಮ್ಮ ಇಣುಕಿದಳು. "ಏನಕ್ಕಾ, ಎತ್ತು ಹೂಡ್ದಂಗೆ ಗಂಡನ್ನ ಹೂಡ್ಬುಟ್ಟಿದ್ದೀಯ!"

"ಎತ್ತಾದ್ರೆ ಸಾಲು ಮುಗೀತಿದ್ದಂಗೆ ತಾನೇ ತಿರುಕ್ಕೊಳ್ತದೆ. ಬಾ, ನೀನೂ ಒಸಿ ಎತ್ತು."

ಮೂವರೂ ಸೇರಿ ಎತ್ತಿದರು. ಹೊತ್ತು ಮುಳುಗುವಾಗ ಅರ್ಧ ಹುಳು ಚಂದ್ರಿಕೆ ಹತ್ತಿದ್ದವು. ಉಳಿದ ಅರ್ಧ ಕಸದಲ್ಲೇ ನೂಲು ಸುತ್ತಿಕೊಂಡಿದ್ದವು.

"ಅರ್ಧನಾದ್ರೂ ಉಳೀತಲ್ಲ ಬುಡಕ್ಕಾ. ಜಯಣ್ಣಂಗೆ ಏನಂತೀಯ?" ಎಂದಳು ಅಂಕಮ್ಮ.

ಉತ್ತರ ಹೇಳಲು ಸರಸಮ್ಮ ಅವಳ ಕಡೆ ತಿರುಗಿದಳು. ಅಷ್ಟರಲ್ಲಿ ಬೈರಪ್ಪನ ಕೈ ಚಂದ್ರಿಕೆಯ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಹುಳು ಅವನ ಬೆರಳಿಗೆ ಎಳೆ ಸುತ್ತತೊಡಗಿತ್ತು. ಅವನು ಅದನ್ನೇ ನೋಡುತ್ತಿದ್ದ. ಸರಸಮ್ಮನ ಕಡೆಗಣ್ಣಿಗೆ ಅದು ಬಿತ್ತು.

"ಹಿಪ್ನೇರ್ಳೆ ಕೀಳ್ಸು ಅಂತೀನಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಬುಡು" ಅಂದಳು.