ನಮ್ಮವರ ಓಟ

ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟವನು ವಾಕಿಂಗ್ ಹೋಗಬಾರದು. ಹೋದರೂ ಅದು ವಾಕಿಂಗ್ ಆಗುವುದಿಲ್ಲ. ನಮ್ಮವರು, ಅಂದರೆ ರೇಣುಕಾಪ್ರಸಾದ್, ರವೀಂದ್ರನಗರದ ಪಾರ್ಕಿನಲ್ಲಿ ಅರ್ಧ ಸುತ್ತು ಹಾಕುವಷ್ಟರಲ್ಲಿ ಯಾರಾದರೂ ಅಡ್ಡ ಬಂದು, "ಪ್ರಸಾದಣ್ಣ, ಇವತ್ತು ಧಾರಣೆ ಎಷ್ಟು?" ಎನ್ನುತ್ತಿದ್ದರು. ಇವರು ನಿಂತರೆ ನಿಂತಂತೆಯೇ. ವಾಕಿಂಗ್ ಮುಗಿಸಿ ಮನೆಗೆ ಬಂದವರ ಹಣೆಯಲ್ಲಿ ಒಂದು ಹನಿ ಬೆವರು ಇರುತ್ತಿರಲಿಲ್ಲ.

ಸಕ್ಕರೆ ಕಾಯಿಲೆಗೆ ಅಡಿಕೆ ಧಾರಣೆಯ ಮಾತು ಮದ್ದಲ್ಲವಲ್ಲ. ಹೀಗೇ ಬಿಟ್ಟರೆ ಮುಂದಿನ ಪರೀಕ್ಷೆಯ ಹೊತ್ತಿಗೆ ಇನ್ಸುಲಿನ್ ಸೂಜಿ ಶುರು ಮಾಡಬೇಕಾಗುತ್ತದೆ ಎಂದು ಡಾಕ್ಟರ್ ಸುಪ್ರಿಯಾ ಹೇಳಿದರು. ಇವರು ಸೂಜಿಗೆ ಹೆದರಿದರು. ನಾನು ಹೆದರಿದ್ದು ಇವರ ಮನೆತನದ ಅಭ್ಯಾಸಕ್ಕೆ. ನನ್ನ ಮಾವ ಮುರುಗೇಶಪ್ಪನವರು ಇದೇ ಕಾಯಿಲೆಯಲ್ಲಿ ಕಾಲಿನ ಗಾಯವನ್ನು ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು ಓಡಾಡಿದವರು. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಎರಡು ಬೆರಳು ತೆಗೆಸಬೇಕಾಯಿತು. ಈ ಮನೆಯ ಗಂಡಸರು ನೋವಿನ ವಿಷಯ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಭದ್ರಾವತಿಯಲ್ಲಿರುವ ನನ್ನ ತಮ್ಮ ಮಲ್ಲೇಶ್ ಒಂದು ವಿಡಿಯೋ ಗೇಮ್ ತಂದು ಟಿವಿಗೆ ಜೋಡಿಸಿಕೊಟ್ಟ. ಒಬ್ಬೊಬ್ಬರಿಗೂ ಕೈಯಲ್ಲಿ ಹಿಡಿಯಲು ಒಂದು ಚಕ್ರ, ತೊಡೆಗೆ ಕಟ್ಟಿಕೊಳ್ಳಲು ಒಂದು ಪಟ್ಟಿ. ನಾವು ನಿಂತಲ್ಲೇ ಓಡಿದರೆ ಪರದೆಯ ಮೇಲೆ ನಮ್ಮ ಬೊಂಬೆಯೂ ಓಡುತ್ತದೆ. ಇಬ್ಬರೂ ಅವತ್ತಿನ ಓಟ ಮುಗಿಸಿದರೆ ಮಾತ್ರ ಮುಂದಿನ ಬೆಟ್ಟದ ಬಾಗಿಲು ತೆರೆಯುತ್ತದೆ.

ಮೊದಮೊದಲು ಇವರು ಗೇಮಿನ ಜೊತೆಗೂ ಚೌಕಾಸಿಗೆ ಇಳಿದರು. ಅದು ಇಪ್ಪತ್ತು ಬಸ್ಕಿ ಎಂದರೆ ಇವರು, "ಹನ್ನೆರಡಕ್ಕೆ ಮುಗಿಸು ಮಾರಾಯ" ಎನ್ನುವರು. ನಾನು ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ನಗುತ್ತಾ ಕುಣಿಯುವೆ. ನಿಜ ಹೇಳುತ್ತೇನೆ, ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಸೇರಿ ಹೀಗೆ ಕುಣಿದಿದ್ದೇ ಇರಲಿಲ್ಲ. ಸಂಜೆ ಯಾವಾಗ ಆದೀತೋ ಎಂದು ಕಾಯುವ ಹಾಗಾಯಿತು ನನಗೆ.

ಆಮೇಲೆ ಒಂದು ದಿನ ಇವರು, "ಸಂಜೆ ಸುಸ್ತಾಗುತ್ತೆ. ನನ್ನ ಪಾಲಿಂದು ಮಧ್ಯಾಹ್ನ ಮಂಡೀಲೇ ಓಡಿ ಮುಗಿಸ್ತೀನಿ" ಎಂದು ಗೇಮನ್ನು ಒಯ್ಯತೊಡಗಿದರು. ಅದಕ್ಕೇ ಒಂದು ಪುಟ್ಟ ಪರದೆ ಇದೆ, ಟಿವಿ ಬೇಕೆಂದಿಲ್ಲ. ಸಂಜೆ ನೋಡಿದರೆ ಇವರ ಬೊಂಬೆ ನನ್ನದಕ್ಕಿಂತ ಎಷ್ಟೋ ಮುಂದೆ! ಬೆಟ್ಟದ ಮೇಲೆ ಬೆಟ್ಟ ತೆರೆಯಿತು. ತಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ಭದ್ರಾವತಿಗೆ ಹೋಗಿದ್ದವಳು ಒಂದು ಮಧ್ಯಾಹ್ನ ವಾಪಸ್ ಬರುವಾಗ, ಈ ಓಟವನ್ನು ಕಣ್ಣಾರೆ ನೋಡೋಣವೆಂದು ನೇರವಾಗಿ ಮಂಡಿಗೆ ಹೋದೆ. ಇವರು ಗಾದಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಹಿಂದೆ, ಅಡಿಕೆಯಲ್ಲಿ ದಪ್ಪ ಸಣ್ಣ ಬೇರ್ಪಡಿಸುವ ಜರಡಿ ಯಂತ್ರ ಗಡಗಡ ಅಲುಗುತ್ತಿತ್ತು. ಅದರ ಕಾಲಿಗೆ ನಮ್ಮ ಪಟ್ಟಿ! ಪಕ್ಕದ ಪುಟ್ಟ ಪರದೆಯಲ್ಲಿ ಇವರ ಬೊಂಬೆ ಬಿಟ್ಟೂಬಿಡದೆ ಓಡುತ್ತಿತ್ತು.

ಕಳ್ಳನ ಮನಸ್ಸು ಹುಳ್ಳಗೆ. ನನ್ನನ್ನು ಕಂಡದ್ದೇ ಇವರು ಗಡಿಬಿಡಿಯಿಂದ ಎದ್ದರು. ಏಳುವಾಗ ಬಲ ಮೊಣಕಾಲು ಹಿಡಿದುಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು.

"ಯಾವಾಗಿಂದ ನೋಯ್ತಿದೆ ರೀ?"

"ನೋವೇನಿಲ್ಲ."

"ರೀ!"

"ಎರಡನೇ ಬೆಟ್ಟದಿಂದ," ಎಂದರು, ಲೋಟ ನೋಡುತ್ತಾ. "ಹೇಳಿದ್ರೆ ನೀನು ಆಟಾನೇ ನಿಲ್ಲಿಸಿಬಿಡ್ತೀಯ. ನಾನು ಓಡದಿದ್ರೆ ನಿನಗೂ ಬಾಗಿಲು ತೆಗಿಯಲ್ಲ. ಅಷ್ಟು ಖುಷಿಯಾಗಿದ್ದೀಯ ಮಾರಾಯ್ತಿ, ಯಾಕೆ ಕೆಡಿಸೋದು ಅಂತ..."

ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ನನ್ನ ಖುಷಿಗೆಂದು ಮಾಡಿದ್ದೇ ಆದರೂ, ಅಪ್ಪ ಮುಚ್ಚಿಟ್ಟ ಹಾಗೆಯೇ ಮಗನೂ ಮುಚ್ಚಿಟ್ಟಿದ್ದರು.

"ಆ ಬೆಟ್ಟ ಹಾಳಾಗಿ ಹೋಗ್ಲಿ! ನೋವಾದ್ರೆ ನಂಗೆ ಹೇಳ್ಬೇಕು. ಇನ್ನೊಂದ್ಸಲ ಮುಚ್ಚಿಟ್ರೆ ಈ ಜರಡಿ ಜೊತೆಗೇ ಸಂಸಾರ ಮಾಡ್ಕೊಳ್ಳಿ!" ಎಂದು ಕೂಗಿದೆ. ಹಮಾಲರು ಆ ಕಡೆ ತಿರುಗಿ ನಕ್ಕರು.

ಡಾಕ್ಟರ್ ಸುಪ್ರಿಯಾ ಮೊಣಕಾಲು ಪರೀಕ್ಷಿಸಿ, ಓಟ ಬೇಡ, ಕುರ್ಚಿಯಲ್ಲಿ ಕೂತು ಆಡುವಂಥದ್ದು ಸಾಕು ಎಂದರು. ಗೇಮಿನಲ್ಲಿ ಅಂಥವೂ ಇದ್ದವು. ಸುಳ್ಳು ಬೆಟ್ಟಗಳನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆವು. ರಾತ್ರಿಯ ಅನ್ನವನ್ನೂ ಕಡಿಮೆ ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ತುಸು ಇಳಿದಿತ್ತು, ಸೂಜಿ ಸದ್ಯಕ್ಕೆ ತಪ್ಪಿತು. ಇವರು ನಿರಾಳವಾದರು. ನನಗೆ ಮಾತ್ರ ಪೂರ್ತಿ ನೆಮ್ಮದಿಯಿಲ್ಲ. ಸಕ್ಕರೆಯಾದರೆ ರಕ್ತದಲ್ಲಿ ಕಾಣುತ್ತದೆ, ಮುಚ್ಚಿಟ್ಟ ನೋವು ಎಲ್ಲಿ ಕಾಣಬೇಕು?

ಮೊನ್ನೆ ಸಂಜೆ ಇಬ್ಬರೂ ಕುರ್ಚಿಯಲ್ಲಿ ಕೂತು ದೋಣಿಗೆ ಹುಟ್ಟು ಹಾಕುವ ಆಟ ಆಡುತ್ತಿದ್ದೆವು. ದಡ ಇನ್ನೇನು ಸಿಕ್ಕಿತು ಎನ್ನುವಾಗ ಇವರು ಚಕ್ರವನ್ನು ಕೆಳಗಿಟ್ಟುಬಿಟ್ಟರು.

"ನಿಲ್ಸು ಮಾರಾಯ್ತಿ. ಸೊಂಟ ನೋಯ್ತಿದೆ ಕಣೇ."

ದೋಣಿ ಮುಳುಗಿತು. ಗಂಡನಿಗೆ ನೋವಾದರೆ ಸಂತೋಷಪಡುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ನಾನಿದ್ದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಸೊಂಟಕ್ಕೆ ತಿಕ್ಕತೊಡಗಿದೆ. ಇವರು, "ಅಲ್ಲಲ್ಲ, ಸ್ವಲ್ಪ ಕೆಳಗೆ, ಹಾಂ, ಇಲ್ಲಿ" ಎಂದು ನೋವಿರುವ ಜಾಗಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದರು.