ಹಿಮದ ಹೊಲಿಗೆ

ವೆಂಡಲ್ ಮೇಜಿನ ಮೇಲೆ ಹಾಲಿನ ಪುಡಿ ಸುರಿದ. ಕಾಫಿ ಕಲಕುವ ಕಡ್ಡಿಯಿಂದ ಅದನ್ನು ಚಪ್ಪಟೆಯಾಗಿ ಸವರಿ, ನಡುವೆ ಒಂದು ರಸ್ತೆ ಎಳೆದ.

“ಇದು ಊರಿನ ಕಡೆ. ಇದು ನಮ್ಮ ಆಸ್ಪತ್ರೆ ಕಡೆ. ಬಸ್ ಸ್ಟಾಪ್ ಇಲ್ಲಿ.” ಸಕ್ಕರೆಯ ಪೊಟ್ಟಣವೊಂದನ್ನು ಇಟ್ಟ. ಉಳಿದ ಪುಡಿಯನ್ನು ಪೊಟ್ಟಣದ ಪಕ್ಕಕ್ಕೆ ಒತ್ತಿ ಸಣ್ಣ ದಿಬ್ಬ ಮಾಡಿದ. “ಹಿಮದ ಹೊಲಿಗೆ ಇಲ್ಲಿ. ಆ ಕುಡುಕನ ಗಾಡಿ ಹೊಲಿಗೆಯಿಂದ ಈಚೆ, ನಮ್ಮ ನೆಲದಲ್ಲಿ. ಅವತ್ತು ತೆಗೆದ ಫೋಟೋದಲ್ಲೂ ಹಾಗೇ ಇದೆ. ಇಷ್ಟೇ ಬ್ರಿಟ್ಟಾ. ಇದಕ್ಕಿಂತ ಜಾಸ್ತಿ ಏನೂ ಇಲ್ಲ.”

ಬ್ರಿಟ್ಟಾ ದಿಬ್ಬವನ್ನು ನೋಡಿದಳು. ಅದು ಬಸ್ ಸ್ಟಾಪಿಗೆ ತಾಗಿಕೊಂಡಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಆಗಲೇ ಹೀಟರ್ ಹಾಕಿದ್ದರು. ಹೊರಗೆ ಅಕ್ಟೋಬರಿನ ಮಳೆ. ವೆಂಡಲ್ ಮಾಜಿ ಸೈನಿಕರ ಆಸ್ಪತ್ರೆಯ ಫೆಡರಲ್ ಪೊಲೀಸ್. ಇಂದು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬ್ರಿಟ್ಟಾಳ ಗಂಡ ಟ್ರಿಗ್ ಅದೇ ಆಸ್ಪತ್ರೆಯಲ್ಲಿ ಹಿಮ ತಳ್ಳುವ ಟ್ರಕ್ ಓಡಿಸುತ್ತಿದ್ದ.

“ಟ್ರಿಗ್ ನನ್ನನ್ನ ಬಾಗಿಲು ಕಾಯೋ ಶೆರಿಫ್ ಅಂತಿದ್ದ, ಗೊತ್ತಲ್ಲ?” ಎಂದ ವೆಂಡಲ್. “ಹೊಲಿಗೆ ದಾಟಿದ್ರೆ ನೀನು ಬರೀ ಟೋಪಿ ಹಾಕ್ಕೊಂಡ ಮನುಷ್ಯ ಕಣೋ ಅಂತ ರೇಗಿಸ್ತಿದ್ದ.”

“ಗೊತ್ತು.”

ಪಕ್ಕದ ಬೆಂಚಿನಲ್ಲಿ ಕೂತಿದ್ದ ಅತ್ತೆ ಆರ್ಡಿಸ್ ಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಸೊಸೆಯ ಕೈಗೆ ತುರುಕಿದಳು. “ಬಾಯಲ್ಲಿ ಇಟ್ಕೋ. ಗಂಟಲು ಒಣಗಿದ್ರೆ ಮಾತು ತಪ್ಪುತ್ತೆ.”

ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಅರ್ಧ ಊರಿನದು, ಅರ್ಧ ಕೇಂದ್ರದ ಫೆಡರಲ್ ಸರ್ಕಾರದ್ದು. ಹಿಮ ಬಿದ್ದಾಗ ಊರಿನ ಟ್ರಕ್ ಆಚೆಯಿಂದ ತಳ್ಳಿಕೊಂಡು ಬಂದು ಗಡಿಯಲ್ಲಿ ಮುಂದಿನ ತಗಡಿನ ಬ್ಲೇಡ್ ಎತ್ತಿ ತಿರುಗುತ್ತದೆ. ಆಸ್ಪತ್ರೆಯ ಟ್ರಕ್ ಈಚೆಯಿಂದ ಬಂದು ಅಲ್ಲೇ ಎತ್ತುತ್ತದೆ. ನಡುವೆ ಉಳಿಯುವ ದಿಬ್ಬವನ್ನು ತೆಗೆಯುವುದು ಯಾರ ಕೆಲಸವೂ ಅಲ್ಲ. ಚಾಲಕರು ಅದನ್ನು ಹೊಲಿಗೆ ಎನ್ನುತ್ತಿದ್ದರು. ಕಾರುಗಳು ಅದನ್ನು ತುಳಿದು ಎರಡು ಜಾಡು ಮಾಡಿಕೊಳ್ಳುತ್ತವೆ. ನಡೆದು ಹೋಗುವವರು ಹತ್ತಿ ಇಳಿಯುತ್ತಾರೆ.

ಫೆಬ್ರವರಿಯ ಒಂದು ಸಂಜೆ ಡಾಸನ್ ಪ್ರೀಬ್ ಎಂಬವನ ಪಿಕಪ್ ಮುಖ್ಯ ರಸ್ತೆಯಿಂದ ಈ ರಸ್ತೆಗೆ ತಿರುಗಿ, ಅಡ್ಡಾದಿಡ್ಡಿಯಾಗಿ ಬಂದು, ಹೊಲಿಗೆ ಹತ್ತಿ ಇಳಿದು, ಬಸ್ ಸ್ಟಾಪಿನ ಹತ್ತಿರ ಮುಗ್ಗರಿಸಿದಂತೆ ನಿಂತಿತು. ಮತ್ತೆ ಹೊರಡುವುದರೊಳಗೆ ವೆಂಡಲ್ ನೀಲಿ ದೀಪ ಹಾಕಿ ಅಡ್ಡ ಬಂದ. ಕಿಟಕಿ ಇಳಿದಾಗ ಹೆಂಡದ ವಾಸನೆ. ಒಂದು ಹೆಡ್‌ಲೈಟ್ ಒಡೆದಿತ್ತು. ಅದರ ಚೂರಿಗೆ ಕಿತ್ತಳೆ ಬಣ್ಣದ ಬಟ್ಟೆ ಸಿಕ್ಕಿಕೊಂಡಿತ್ತು. ವೆಂಡಲ್‌ಗೆ ಆ ಬಟ್ಟೆ ಗೊತ್ತಿತ್ತು. ಅಂಥ ಜಾಕೆಟ್‌ಗಳು ಆಸ್ಪತ್ರೆಯ ಶೆಡ್ಡಿನ ಬಾಗಿಲ ಹಿಂದೆ ನೇತಾಡುತ್ತಿದ್ದವು. ಪ್ರೀಬ್ ಬಂದ ದಾರಿಯಲ್ಲಿ ಹಿಂದಕ್ಕೆ ಹುಡುಕಿಕೊಂಡು ಹೋದಾಗ, ಕೆಲಸ ಮುಗಿಸಿ ನಡೆದು ಮನೆಗೆ ಹೊರಟಿದ್ದ ಟ್ರಿಗ್ ಮುಖ್ಯ ರಸ್ತೆಯ ತಿರುವಿನಲ್ಲಿ, ಚರಂಡಿಯ ಪಕ್ಕ ಸಿಕ್ಕ. ಅಷ್ಟರಲ್ಲಿ ಅವನ ಮೇಲೆ ತೆಳ್ಳಗೆ ಹಿಮ ಕೂತಿತ್ತು.

ಡಿಕ್ಕಿಯನ್ನು ಕಂಡವರು ಯಾರೂ ಇಲ್ಲ. ಇದ್ದದ್ದು ವಾಸನೆ, ಪ್ರೀಬ್‌ನ ರಕ್ತದ ಪರೀಕ್ಷೆ, ಆ ಬಟ್ಟೆಯ ಚೂರು. ಪ್ರೀಬ್‌ನ ವಕೀಲ ಲುಂಡೀನ್ ಅದಾವುದನ್ನೂ ಅಲ್ಲಗಳೆಯಲಿಲ್ಲ. ವೆಂಡಲ್‌ಗೆ ಗಾಡಿ ನಿಲ್ಲಿಸುವ ಅಧಿಕಾರ ಇರುವುದು ಫೆಡರಲ್ ನೆಲದ ಮೇಲೆ ಮಾತ್ರ, ಅವನು ನಿಲ್ಲಿಸಿದ್ದು ಊರಿನ ನೆಲದಲ್ಲಿ, ಆದ್ದರಿಂದ ನಿಲ್ಲಿಸಿದ್ದೇ ಅಕ್ರಮ, ಅದರಿಂದ ಸಿಕ್ಕ ಸಾಕ್ಷ್ಯವೆಲ್ಲ ವಿಚಾರಣೆಯಿಂದ ಹೊರಗೆ ಎಂದ. ಗಡಿ ಎಲ್ಲಿದೆ ಎಂದು ನೋಡಿದರೆ, ಹಳೆಯ ನಕ್ಷೆ ಅದನ್ನು ಒಂದು ಕಾಟನ್‌ವುಡ್ ಮರದಿಂದ ಅಳೆದಿತ್ತು. ಆ ಮರ ಕಡಿದು ಎಷ್ಟೋ ಕಾಲವಾಗಿತ್ತು. ಸರ್ವೆಯವರು ನೆಟ್ಟ ಕಬ್ಬಿಣದ ಗೂಟ ಡಾಂಬರಿನ ಅಡಿ ಎಲ್ಲೋ ಹೂತುಹೋಗಿತ್ತು. ಗಡಿಗೆ ಗುರುತಾಗಿ ಉಳಿದದ್ದು ಹೊಲಿಗೆಯೊಂದೇ. ಅದು ಏಪ್ರಿಲ್‌ನಲ್ಲಿ ಕರಗಿತ್ತು.

ಸರ್ಕಾರಿ ವಕೀಲೆ ಡೀಡ್ರಾ ಕಡತಗಳನ್ನು ಎದೆಗವಚಿಕೊಂಡು ಬಂದಳು. ಬ್ರಿಟ್ಟಾಳ ವಯಸ್ಸಿನವಳೇ.

“ನಾನು ಎರಡೇ ಪ್ರಶ್ನೆ ಕೇಳ್ತೀನಿ. ನಿಮ್ಮ ಗಂಡ ಬ್ಲೇಡ್ ಎತ್ತುತಿದ್ದದ್ದು ಪ್ರತಿ ಸಲ ಒಂದೇ ಜಾಗದಲ್ಲಾ? ಹೌದು. ಆ ದಿಬ್ಬಕ್ಕೆ ಹೊಲಿಗೆ ಅಂತ ಹೆಸರಾ? ಹೌದು. ಅಷ್ಟೇ. ಲುಂಡೀನ್ ಏನು ಕೆಣಕಿದ್ರೂ ಹೌದು, ಇಲ್ಲ, ಗೊತ್ತಿಲ್ಲ. ಕಥೆ ಹೇಳೋಕೆ ಹೋಗ್ಬೇಡಿ.”

“ಒಂದೇ ಜಾಗದಲ್ಲೇ ಎತ್ತುತಿದ್ದ” ಎಂದಳು ಬ್ರಿಟ್ಟಾ. ಅದು ನಿಜವಾಗಿತ್ತು.

“ಮತ್ತೇನು ಬೇಕು?” ಎಂದಳು ಆರ್ಡಿಸ್.

ಬ್ರಿಟ್ಟಾ ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿ ಖಾಲಿ ಲೋಟಕ್ಕೆ ಹಾಕಿದಳು.

ಎರಡು ಚಳಿಗಾಲದ ಹಿಂದೆ, ವೆಂಡಲ್ ಇನ್ನೂ ಈ ಕೆಲಸಕ್ಕೆ ಸೇರಿರಲಿಲ್ಲ, ಟ್ರಿಗ್ ಒಂದು ಸಂಜೆ ತಡವಾಗಿ ಬಂದಿದ್ದ. ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲೇ ನಿಂತು, ಎಲ್ಡನ್ ಹೊಲಿಗೆ ಹತ್ತುವಾಗ ಬಿದ್ದು ಸೊಂಟ ಮುರಿದುಕೊಂಡ ಎಂದಿದ್ದ. ಎಲ್ಡನ್ ವಾಕರ್ ಹಿಡಿದು ವಾರವಾರ ಆಸ್ಪತ್ರೆಗೆ ಬರುತ್ತಿದ್ದ ಮುದುಕ. ಮಾರನೆಯ ದಿನದಿಂದ ಟ್ರಿಗ್ ಗಡಿಯಲ್ಲಿ ಬ್ಲೇಡ್ ಎತ್ತಲಿಲ್ಲ. ಬಸ್ ಸ್ಟಾಪಿನವರೆಗೂ ತಳ್ಳಿಕೊಂಡು ಹೋಗಿ, ಅದರ ಆಚೆ ಎತ್ತಿದ. ಬಸ್ಸಿಳಿದವರು ಸಮತಟ್ಟಾದ ದಾರಿಯಲ್ಲಿ ನೇರ ಬಾಗಿಲಿಗೆ ಬರುವಂತಾಯಿತು. ಊರಿನ ಟ್ರಕ್ಕಿನವನು ಸಿಕ್ಕಿದ್ದೇ ಲಾಭವೆಂದು ಅಲ್ಲಿಂದಲೇ ತಿರುಗತೊಡಗಿದ. “ಯಾರಿಗೂ ಹೇಳ್ಬೇಡ ಮಾರಾಯ್ತಿ” ಎಂದು ಟ್ರಿಗ್ ಸೂಪಿನ ಬಟ್ಟಲಿನ ಮೇಲೆ ಬಗ್ಗಿ ನಕ್ಕಿದ್ದ. “ಫೆಡರಲ್ ಡೀಸೆಲ್‌ನ ಊರಿನ ರಸ್ತೆ ಮೇಲೆ ಸುಡ್ತಿದೀನಿ. ಜೈಲಿಗೆ ಹಾಕ್ತಾರೆ.”

ಅವಳು ಯಾರಿಗೂ ಹೇಳಿರಲಿಲ್ಲ.

ಕಟಕಟೆಯ ಕುರ್ಚಿ ಅವಳಿಗೆ ತಗ್ಗಾಗಿತ್ತು. ಎದುರಿಗೆ ಪ್ರೀಬ್ ಕೂತಿದ್ದ. ಹೊಸದಾಗಿ ಕತ್ತರಿಸಿದ ಕೂದಲು, ಕತ್ತಿನ ಹಿಂದೆ ಕೆಂಪು ಗೀರು. ಅವನ ತಾಯಿ ಇರಬೇಕು, ಹಿಂದಿನ ಸಾಲಿನಿಂದ ಬಗ್ಗಿ ಅವನ ಕಾಲರ್ ಸರಿಮಾಡಿದಳು. ಡೀಡ್ರಾ ಎರಡು ಪ್ರಶ್ನೆ ಕೇಳಿದಳು. ಬ್ರಿಟ್ಟಾ ಎರಡಕ್ಕೂ ಹೌದು ಎಂದಳು. ಆರ್ಡಿಸ್ ಎರಡು ಸಲವೂ ತಲೆಯಾಡಿಸಿದಳು.

ಲುಂಡೀನ್ ಎದ್ದ. ಮೆತ್ತನೆಯ ದನಿಯ, ಅಜ್ಜನಂಥ ಮನುಷ್ಯ.

“ನಿಮ್ಮ ನಷ್ಟಕ್ಕೆ ನನಗೆ ವಿಷಾದವಿದೆ, ಅಮ್ಮಾ. ಒಂದೇ ವಿಷಯ. ಟ್ರಿಗ್ ಜೊತೆ ಕೆಲಸ ಮಾಡಿದವರು ಹೇಳ್ತಾರೆ, ಹೊಲಿಗೆ ಮೊದಲು ಇದ್ದ ಜಾಗದಲ್ಲಿ ಆಮೇಲೆ ಇರಲಿಲ್ಲವಂತೆ. ನಿಮಗೇನಾದರೂ ಗೊತ್ತೇ?”

“ಅವನು ಪ್ರತಿ ಸಲ ಒಂದೇ ಜಾಗದಲ್ಲಿ ಎತ್ತುತಿದ್ದ.”

“ಹಾಗಂತ ನಿಮ್ಮ ಗಂಡ ನಿಮಗೆ ಹೇಳ್ತಿದ್ದರು.”

“ಹೌದು.”

“ಮನೆಗೆ ಬಂದ ಗಂಡ ಹೆಂಡತಿಗೆ ಹಾಗಲ್ಲದೆ ಇನ್ನೇನು ಹೇಳ್ತಾನೆ?” ಲುಂಡೀನ್ ನ್ಯಾಯಾಧೀಶರ ಕಡೆ ನೋಡಿ ಮುಗುಳ್ನಕ್ಕ. “ಚಳಿ. ಕತ್ತಲೆ. ಬಿಸಿ ಊಟ ಕಾಯ್ತಿದೆ. ದಿನಕ್ಕೊಂದು ಕಡೆ, ಕೈ ಸೋತಲ್ಲಿ ಬ್ಲೇಡ್ ಎತ್ತಿ ಬಂದುಬಿಡೋದು ಸಹಜ. ನಾನಾದರೂ ಹಾಗೇ ಮಾಡ್ತಿದ್ದೆ. ಸ್ವಲ್ಪ ಸೋಮಾರಿತನ, ಅಷ್ಟೇ. ತಪ್ಪೇನಲ್ಲ.”

ಡೀಡ್ರಾ ಆಕ್ಷೇಪಿಸಲು ಎದ್ದಳು.

“ಸೋಮಾರಿ ಅಲ್ಲ” ಎಂದಳು ಬ್ರಿಟ್ಟಾ.

ಎಂಟು ತಿಂಗಳಿಂದ ಎಲ್ಲರೂ ಟ್ರಿಗ್ ಎಲ್ಲಿ ಬಿದ್ದಿದ್ದ, ಯಾವ ಕಡೆ ಮುಖ ಮಾಡಿದ್ದ, ಜಾಕೆಟ್ಟಿನ ಯಾವ ತೋಳು ಹರಿದಿತ್ತು ಎಂದೇ ಮಾತಾಡಿದ್ದರು. ಅವನು ಎಂಥವನು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

“ಬೇಗ ಬರ್ತಿರ್ಲಿಲ್ಲ ಅವನು. ಎಲ್ಲರಿಗಿಂತ ತಡವಾಗಿ ಬರ್ತಿದ್ದ. ಬೇರೆಯವರು ಎತ್ತೋ ಜಾಗದಲ್ಲಿ ಎತ್ತದೆ, ವಾಕರ್ ಹಿಡ್ದೋರು ದಿಬ್ಬ ಹತ್ಬಾರ್ದು ಅಂತ ಮುಂದೆ…”

ಅಲ್ಲಿ ಅವಳಿಗೆ ತಾನು ಏನು ಹೇಳಹೊರಟಿದ್ದೇನೆ ಎಂದು ಗೊತ್ತಾಯಿತು. ಡೀಡ್ರಾ ನಿಂತಲ್ಲೇ ನಿಂತಿದ್ದಳು. ವೆಂಡಲ್ ತೊಡೆಯ ಮೇಲಿನ ಟೋಪಿಯನ್ನು ಹಿಡಿದುಕೊಂಡ. ಬಾಯಿಯೊಳಗೆ ಪೆಪ್ಪರ್‌ಮಿಂಟ್ ಚೂರಿನಷ್ಟಾಗಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಆ ಅರ್ಧ ಮಾತಿನಿಂದ ಟ್ರಿಗ್ ಎಂಥವನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

“ಮುಂದೆ ಬಸ್ ಸ್ಟಾಪ್ ತನಕ ತಳ್ತಿದ್ದ” ಎಂದಳು. “ದಿನಾ. ಯಾರೂ ಹೇಳಿರ್ಲಿಲ್ಲ ಅವನಿಗೆ.”

ಲುಂಡೀನ್ ಕೂಡ ಇದನ್ನು ನಿರೀಕ್ಷಿಸಿರಲಿಲ್ಲ. ಮುಂದಿನ ಪ್ರಶ್ನೆಯನ್ನು, ಒಳ್ಳೆಯ ಡಾಕ್ಟರರಂತೆ, ಬಹಳ ಮೃದುವಾಗಿ ಕೇಳಿದ.

“ಅಂದರೆ ಗಡಿ ದಾಟಿ?”

“ಹೌದು.”

ಹೊರಗೆ ಮಳೆ ನಿಂತಿತ್ತು. ವೆಂಡಲ್ ಅವಳನ್ನು ಕಾರಿನವರೆಗೂ ಬಿಡಲು ಬಂದ. ಕೈಯಲ್ಲಿ ಹಿಡಿದಿದ್ದ ಟೋಪಿಯನ್ನು ಹಾಕಿಕೊಳ್ಳಲಿಲ್ಲ.

“ನಾನು ಬಂದಾಗಿನಿಂದ ಹೊಲಿಗೆ ಅಲ್ಲೇ ಇತ್ತು” ಎಂದ. “ಗೆರೆ ಅದೇ ಅಂದ್ಕೊಂಡೆ. ಟ್ರಿಗ್‌ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೂ ಹೇಳ್ತಿರ್ಲಿಲ್ಲ. ಡೀಸೆಲ್ ಅಂತ ಹೆದರ್ತಿದ್ದ.”

“ಗೊತ್ತಿದ್ದಿದ್ರೆ ನಿಲ್ಲಿಸ್ತಾನೇ ಇರ್ಲಿಲ್ಲ ನಾನು. ಊರಿನ ಪೊಲೀಸ್‌ಗೆ ಫೋನ್ ಮಾಡಿ ನೋಡ್ತಾ ನಿಂತಿರ್ತಿದ್ದೆ. ಅವ್ರು ಬರೋ ಹೊತ್ತಿಗೆ ಪ್ರೀಬ್ ಮನೆ ಸೇರಿರ್ತಿದ್ದ.” ವೆಂಡಲ್ ಕಾರಿನ ಚಾವಣಿಯ ಮೇಲೆ ಕೈಯಿಟ್ಟು ನಿಂತ. “ಅವನ ಗಾಡಿ ಸ್ವಲ್ಪ ಈಚೆ ಬಂದಿದ್ದಿದ್ರೆ… ಒಂದು ಬಸ್ಸಿನ ಉದ್ದ, ಅಷ್ಟೇ.”

ಬ್ರಿಟ್ಟಾ ಕಾರಿನ ಕೀಲಿ ತೆಗೆದಳು. ಆರ್ಡಿಸ್ ಆಗಲೇ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ಗಾಜಿನಾಚೆ ನೇರ ನೋಡುತ್ತಿದ್ದಳು.

ಧಾನ್ಯದ ಗೋದಾಮುಗಳನ್ನು ದಾಟಿ ಸೇತುವೆ ಹತ್ತುವಾಗ ಆರ್ಡಿಸ್ ಶುರುಮಾಡಿದಳು.

“ಆ ವಕೀಲ ಸೋಮಾರಿ ಅಂದ. ಅನ್ಲಿ ಬಿಡು. ಅಂದ್ಕೊಂಡು ಹೋಗ್ಲಿ. ಏನಾಗ್ತಿತ್ತು?”

“ಅವನು ಹಾಗಿರ್ಲಿಲ್ಲ.”

“ನಂಗೊತ್ತಿಲ್ವೇನೇ? ಹೆತ್ತೋಳು ನಾನು.” ಆರ್ಡಿಸ್‌ಳ ದನಿ ಏರಲಿಲ್ಲ. “ಸತ್ತೋನಿಗೆ ಸೋಮಾರಿ ಅಂದ್ರೆ ನೋವಾಗುತ್ತಾ? ನಿನಗೆ ನೋವಾಯ್ತು, ಅಷ್ಟೇ. ನಿನ್ನ ಗಂಡನ ಹೆಸರು ನಿನಗೆ ಕಾಪಾಡ್ಕೋಬೇಕಿತ್ತು. ನನ್ನ ಮಗನ್ನ ಕೊಂದೋನು ಮನೆಗೆ ಹೋಗ್ತಾನೆ.”

ಮನೆ ಬಂತು. ಆರ್ಡಿಸ್ ಇಳಿದಳು. ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಸರಿಯಾಗಿ ಮುಚ್ಚಿದೆಯೇ ಎಂದು ಅಭ್ಯಾಸದಂತೆ ಒಮ್ಮೆ ಎಳೆದು ನೋಡಿ, ಒಳಗೆ ಹೋದಳು.

ಕೋರ್ಟಿನ ಅಪ್ಪಣೆಯಂತೆ ರಸ್ತೆಯ ಡಾಂಬರನ್ನು ಅಗೆದರು. ಕಬ್ಬಿಣದ ಗೂಟ ಬಸ್ ಸ್ಟಾಪಿನಿಂದ ಸಾಕಷ್ಟು ಈಚೆ, ಆಸ್ಪತ್ರೆಯ ಬದಿಗೆ ಸಿಕ್ಕಿತು. ಆದೇಶ ಚಿಕ್ಕದಾಗಿತ್ತು. ಅಧಿಕಾರಿಯ ನಂಬಿಕೆ ಪ್ರಾಮಾಣಿಕವಾದದ್ದೇ. ಆದರೆ ಕಾನೂನು ಕೊಡದ ಅಧಿಕಾರವನ್ನು ನಂಬಿಕೆ ಕೊಡಲಾರದು. ಸಮವಸ್ತ್ರ ತೊಟ್ಟು ನೀಲಿ ದೀಪ ಹಾಕಿ ನಿಲ್ಲಿಸಿದವನನ್ನು ಸಾಮಾನ್ಯ ನಾಗರಿಕನ ಹಕ್ಕಿನಲ್ಲಿ ತಡೆದ ದಾರಿಹೋಕ ಎನ್ನಲೂ ಬರುವುದಿಲ್ಲ. ವಾಸನೆ, ರಕ್ತ, ಬಟ್ಟೆಯ ಚೂರು ಎಲ್ಲವೂ ಹೊರಗೆ. ಉಳಿದದ್ದರಲ್ಲಿ ಮೊಕದ್ದಮೆ ನಡೆಸುವಂಥದ್ದೇನೂ ಇಲ್ಲ ಎಂದು ಡೀಡ್ರಾ ಫೋನಿನಲ್ಲಿ ಹೇಳಿದಳು. ವೆಂಡಲ್‌ನನ್ನು ಗಸ್ತಿನಿಂದ ತೆಗೆದು ಒಳಗೆ ಸಂದರ್ಶಕರ ಮೇಜಿಗೆ ಹಾಕಿದರು.

ಡಿಸೆಂಬರಿನಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಟ್ರಿಗ್‌ನ ಲಾಕರ್ ಹೊಸ ಚಾಲಕನಿಗೆ ಬೇಕಾಗಿತ್ತು. ಬ್ರಿಟ್ಟಾ ಹೋಗಿ ಅವನ ಥರ್ಮಾಸ್, ಒಂದು ಜೊತೆ ಒಣ ಕಾಲುಚೀಲ, ಮುಲಾಮಿನ ಡಬ್ಬಿ ತೆಗೆದುಕೊಂಡು ಬಂದು ಕಾರಿನಲ್ಲಿ ಕೂತಳು. ಮಧ್ಯಾಹ್ನವಾಗಿತ್ತು. ಬೆಳಗ್ಗೆಯಷ್ಟೇ ನಿಂತಿದ್ದ ಹಿಮ ಮತ್ತೆ ಸಣ್ಣಗೆ ಶುರುವಾಗಿತ್ತು.

ಗೂಟ ಸಿಕ್ಕಿದ ಜಾಗದಲ್ಲಿ ಈಗ ಹಳದಿ ಕಂಬ ನೆಟ್ಟಿದ್ದರು. ಹೊಸ ಚಾಲಕ ಕಂಬದ ನೇರಕ್ಕೆ, ಒಂದು ಗೇಣೂ ಆಚೆ ಈಚೆ ಇಲ್ಲದಂತೆ, ಬ್ಲೇಡ್ ಎತ್ತಿದ್ದ. ಊರಿನವನೂ ಆಚೆಯಿಂದ ಅಲ್ಲಿಗೇ ತಂದು ನಿಲ್ಲಿಸಿದ್ದ. ಹೊಲಿಗೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಕಾರುಗಳ ಜಾಡಿನಲ್ಲಿ ಗಾಜಿನಂಥ ಮಂಜುಗಡ್ಡೆ.

ಎಲ್ಡನ್ ಆಸ್ಪತ್ರೆಯ ಬಾಗಿಲಿಂದ ಬಂದ. ತಲೆಗೆ ಕಿವಿ ಮುಚ್ಚುವ ಟೋಪಿ, ವಾಕರ್‌ನ ಕಾಲುಗಳಿಗೆ ಜಾರದಂತೆ ಸಿಕ್ಕಿಸಿದ ಹಸಿರು ಟೆನಿಸ್ ಚೆಂಡು. ಹೊಲಿಗೆಯ ಮುಂದೆ ನಿಂತು, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ವಾಕರ್‌ನ ಮುಂದಿನ ಕಾಲುಗಳನ್ನು ಎತ್ತಿ ದಿಬ್ಬದ ಮೇಲೆ ಇಟ್ಟ. ಭಾರ ಹಾಕಿ ನೋಡಿದ. ಇಳಿಸಿದ. ಮತ್ತೊಮ್ಮೆ ಇಟ್ಟ.

ಆಚೆ ಬಸ್ಸು ಬಂದು ಬಾಗಿಲು ತೆರೆಯಿತು. ಬ್ರಿಟ್ಟಾ ಕಾರಿನ ಬಾಗಿಲನ್ನು ಅರ್ಧ ತೆರೆದಳು. ಒಂದು ಕಾಲು ಹೊರಗಿಟ್ಟಳು. ಬೂಟಿನ ಸುತ್ತ ಹಿಮ ಕುಸಿಯಿತು. ಅವಳು ಹಾಗೇ ಕೂತಳು, ಥರ್ಮಾಸ್ ತೊಡೆಯ ಮೇಲೆ.

ಬಸ್ಸು ಸ್ವಲ್ಪ ಕಾಯಿತು. ಬಾಗಿಲು ಮುಚ್ಚಿಕೊಂಡು ಹೋಯಿತು.

ಎಲ್ಡನ್ ವಾಕರ್ ತಿರುಗಿಸಿ, ಬಂದ ದಾರಿಯಲ್ಲೇ ನಿಧಾನ ಹೊರಟ. ಹೊಲಿಗೆಯ ಮೇಲೆ ಚೆಂಡುಗಳು ಊರಿದ ಎರಡು ದುಂಡನೆಯ ಗುಳಿಗಳಿದ್ದವು. ಅವುಗಳೊಳಗೆ ಹಿಮ ಬೀಳುತ್ತಿತ್ತು.